ಹಾಡು ಕಟ್ಟೋರಲ್ಲ, ಹಾಡು ಹೆಕ್ಕೋರು!

ಹಾಲಿವುಡ್ ಬೀದಿಯಲ್ಲಿ ಒಂದು ದಿನ

ಸುರಂಗದ ರೈಲು ನಿಂತಿತು. ಇಳಿದು ತಲೆ ಎತ್ತಿ ನೋಡುತ್ತೇನೆ, ಛಾವಣಿ ತುಂಬ ಸಿನಿಮಾ ರೀಲುಗಳು! ಚಿಕ್ಕಂದಿನಲ್ಲಿ ನಮ್ಮೂರ ಟೆಂಟಿನ ಪ್ರೊಜೆಕ್ಟರ್ ಕೋಣೆಗೆ ಕದ್ದು ಇಣುಕಿ ನೋಡುತ್ತಿದ್ದೆವಲ್ಲ, ಅದೇ ದುಂಡನೆಯ ಖಾಲಿ ರೀಲುಗಳು. ಹತ್ತಲ್ಲ, ಇಪ್ಪತ್ತಲ್ಲ, ಕಣ್ಣು ಹಾಯುವಷ್ಟು ದೂರ ಸಾಲು ಸಾಲು. ಕಂಬಗಳಿಗೆ ತಾಳೆಮರದ ವೇಷ. ಸಿನಿಮಾ ಹುಚ್ಚಿನವರು ರೈಲ್ವೆ ಸ್ಟೇಷನ್ ಕಟ್ಟಿದರೆ ಹೀಗೇ ಇರುತ್ತದೆ ಅಂದುಕೊಂಡೆ.

"ಬನ್ನಿ ಮಾವ, ಹಾಲಿವುಡ್ ಬಂತು" ಅಂದ ಪುಟ್ಟ.

ಪುಟ್ಟ ಅಂದರೆ ನನ್ನ ಅಕ್ಕನ ಮಗ. ವಯಸ್ಸು ಮೂವತ್ತಾದರೂ ಮನೆಯವರಿಗೆಲ್ಲ ಅವನು ಪುಟ್ಟನೇ. ಲಾಸ್ ಏಂಜಲೀಸ್‌ನಲ್ಲಿ ಕೆಲಸ. ಏನು ಕೆಲಸ ಅಂತ ಅರಸೀಕೆರೆಯಲ್ಲಿ ಯಾರಾದರೂ ಕೇಳಿದರೆ ಅಕ್ಕ "ಸಿನಿಮಾದಲ್ಲಿ ಹಾಡು ಹಾಕ್ತಾನಂತೆ" ಅಂತಾಳೆ. ಕೇಳಿದವರು ಹುಬ್ಬೇರಿಸುತ್ತಾರೆ. "ಹಾಡ್ತಾನಾ?" ಇಲ್ಲ. "ಬರೀತಾನಾ?" ಇಲ್ಲ. "ವಾದ್ಯ ನುಡಿಸ್ತಾನಾ?" ಅದೂ ಇಲ್ಲ. "ಮತ್ತೆ ಇನ್ನೇನು ಮಾಡ್ತಾನಮ್ಮಾ?" ಈ ಪ್ರಶ್ನೆಗೆ ಅಕ್ಕನ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಅದನ್ನು ತಿಳಿಯಲೆಂದೇ ಒಂದು ಇಡೀ ದಿನ ಅವನ ಹಿಂದೆ ಸುತ್ತಿದೆ. ಆ ಸುತ್ತಾಟದ ಕಥೆಯೇ ಇದು.

ಕಾಲಡಿಯಲ್ಲಿ ನಕ್ಷತ್ರಗಳು

ಮೆಟ್ಟಿಲು ಹತ್ತಿ ಹೊರಗೆ ಬಂದರೆ ಹಾಲಿವುಡ್ ಬುಲೆವಾರ್ಡ್. ನಿಜ ಹೇಳುತ್ತೇನೆ, ಮೊದಲ ನೋಟಕ್ಕೆ ಸ್ವಲ್ಪ ನಿರಾಸೆಯೇ ಆಯಿತು. ಬಣ್ಣ ಮಾಸಿದ ಅಂಗಡಿಗಳು, ಟೀ-ಶರ್ಟ್ ಮಾರುವವರು, ಸ್ಪೈಡರ್‌ಮ್ಯಾನ್ ವೇಷ ಹಾಕಿಕೊಂಡು ಫೋಟೋಕ್ಕೆ ಕಾಸು ಕೇಳುವವರು. ಹಬ್ಬದ ದಿನದ ನಮ್ಮ ಮೆಜೆಸ್ಟಿಕ್ಕೇ ಇದಕ್ಕಿಂತ ವಾಸಿ ಅನ್ನಿಸಿತು!

ಆದರೆ ತಲೆ ತಗ್ಗಿಸಿ ನೋಡಬೇಕು ಸ್ವಾಮಿ. ಪಾದಚಾರಿ ಹಾದಿಯ ಉದ್ದಕ್ಕೂ ನಕ್ಷತ್ರಗಳನ್ನು ಕೂರಿಸಿದ್ದಾರೆ. ಒಂದೊಂದರಲ್ಲೂ ಒಬ್ಬೊಬ್ಬರ ಹೆಸರು, ಹೆಸರಿನ ಕೆಳಗೆ ಒಂದು ಚಿಹ್ನೆ. ಸಿನಿಮಾದವರಿಗೆ ಕ್ಯಾಮೆರಾ, ಹಾಡಿನವರಿಗೆ ಗ್ರಾಮಫೋನ್ ತಟ್ಟೆ, ರೇಡಿಯೋದವರಿಗೆ ಮೈಕು, ನಾಟಕದವರಿಗೆ ಮುಖವಾಡ, ದೂರದರ್ಶನದವರಿಗೆ ಟಿ.ವಿ. ಪೆಟ್ಟಿಗೆ. ಹೆಸರು ಓದುತ್ತಾ ಒಂದು ಮೈಲಿ ನಡೆದರೆ ಚೈನೀಸ್ ಥಿಯೇಟರ್. 1927ರಲ್ಲಿ ತೆರೆದದ್ದು. ಅದರ ಅಂಗಳದ ಸಿಮೆಂಟಿನಲ್ಲಿ ತಾರೆಯರ ಅಂಗೈ, ಅಂಗಾಲಿನ ಗುರುತುಗಳು. ನಾನೂ ಒಬ್ಬ ನಾಯಕನ ಪಾದದ ಗುರುತಿನಲ್ಲಿ ನನ್ನ ಪಾದ ಇಟ್ಟು ನೋಡಿದೆ. ಅಳತೆ ಕೂಡಲಿಲ್ಲ ಬಿಡಿ!

"ನಿನ್ನ ಕೆಲಸ ಮಾಡೋರ ಹೆಸರು ಎಲ್ಲಿದೆಯೋ?" ಅಂದೆ.

ಪುಟ್ಟ ನಕ್ಕ. "ನಮ್ಮ ಹೆಸರು ಸಿನಿಮಾ ಮುಗಿದ ಮೇಲೆ ಬರುತ್ತೆ ಮಾವ. ಅಷ್ಟೊತ್ತಿಗೆ ನೀವೆಲ್ಲ ಗೇಟ್ ದಾಟಿ ಸ್ಕೂಟರ್ ಸ್ಟಾರ್ಟ್ ಮಾಡಿರ್ತೀರಿ."

ಆ ಹೆಸರಿನ ಪಕ್ಕದಲ್ಲಿ ಬರುವ ಪದವಿ 'ಮ್ಯೂಸಿಕ್ ಸೂಪರ್‌ವೈಸರ್'. ಇವರು ಸಂಗೀತ ನಿರ್ದೇಶಕರಲ್ಲ, ರಾಗ ಕಟ್ಟುವುದಿಲ್ಲ. ಜಗತ್ತಿನಲ್ಲಿ ಈಗಾಗಲೇ ಇರುವ ಲಕ್ಷಾಂತರ ಹಾಡುಗಳಲ್ಲಿ ಈ ದೃಶ್ಯಕ್ಕೆ, ಈ ಕ್ಷಣಕ್ಕೆ ಹೊಂದುವ ಒಂದೇ ಒಂದು ಹಾಡನ್ನು ಹೆಕ್ಕಿ ತೆಗೆಯುವುದು ಇವರ ಕೆಲಸದ ಅರ್ಧ. ಇನ್ನರ್ಧ ಏನು? ಅದಕ್ಕೆ ಆಮೇಲೆ ಬರುತ್ತೇನೆ. ಕಥೆಯ ಮುಳ್ಳು ಇರುವುದೇ ಅಲ್ಲಿ.

ಹಾಡಿನ ಸಂತೆ

ಸ್ಟೇಷನ್ನಿನ ಹತ್ತಿರವೇ ಅಮೀಬಾ ಮ್ಯೂಸಿಕ್ ಅಂತ ಒಂದು ಅಂಗಡಿ. ಅಂಗಡಿಯಲ್ಲ, ಸಂತೆ! ಮೊದಲು ಸನ್‌ಸೆಟ್ ಬುಲೆವಾರ್ಡ್‌ನಲ್ಲಿತ್ತಂತೆ, 2021ರಲ್ಲಿ ಇಲ್ಲಿಗೆ ಬಂದಿದೆ. ಎಲ್.ಪಿ. ತಟ್ಟೆಗಳು, ಕ್ಯಾಸೆಟ್ಟುಗಳು, ಸಿ.ಡಿ.ಗಳು. ತಟ್ಟೆಗಳನ್ನು ಒಂದೊಂದಾಗಿ ಸರಿಸುತ್ತಾ ನಿಂತವರ 'ಟಪ್ ಟಪ್' ಸದ್ದು. ಭಾರತದ ಸಾಲು ಹುಡುಕಿದೆ. ರವಿಶಂಕರ್ ಇದ್ದರು. ಕನ್ನಡದ ತಟ್ಟೆ ಸಿಕ್ಕೀತೇನೋ ಅಂತ ಅರ್ಧ ಗಂಟೆ ತಡಕಾಡಿದೆ. ಆ ದಿನ ಸಿಗಲಿಲ್ಲ.

ಅಲ್ಲೇ ನಿಂತು ಪುಟ್ಟ ತನ್ನ ಕೆಲಸ ವಿವರಿಸಿದ.

ಮೊದಲು ಚಿತ್ರಕಥೆ ಕೈಗೆ ಬರುತ್ತದೆ. ಎಲ್ಲೆಲ್ಲಿ ಹಾಡು ಬೇಕು ಅಂತ ಗುರುತು ಹಾಕುತ್ತಾರೆ. ಹೋಟೆಲಿನ ದೃಶ್ಯದಲ್ಲಿ ರೇಡಿಯೋ ಹಾಡುತ್ತಿದೆಯೇ? ಯಾವ ಊರು, ಯಾವ ಇಸವಿ? 1962ರ ಕಥೆಯಲ್ಲಿ 1965ರ ಹಾಡು ಬಂದರೆ ಗೊತ್ತಿದ್ದವರು ಉಗಿಯುತ್ತಾರೆ! ಆಮೇಲೆ ನಿರ್ದೇಶಕರು, ಸಂಕಲನಕಾರರ ಜೊತೆ ಕೂತು ಒಂದೊಂದು ದೃಶ್ಯಕ್ಕೂ ಹತ್ತಾರು ಹಾಡು ಹಚ್ಚಿ ನೋಡುವುದು. ಸದ್ಯಕ್ಕೆ ಅಂತ ಒಂದು ಹಾಡು ಹಾಕಿ ಸಂಕಲನ ಮಾಡುತ್ತಾರೆ. ಅದಕ್ಕೆ ಇವರ ಭಾಷೆಯಲ್ಲಿ 'ಟೆಂಪ್' ಅನ್ನುತ್ತಾರೆ.

"ಟೆಂಪ್ ಅನ್ನೋದು ಬಾಡಿಗೆದಾರನ ಥರ ಮಾವ. ಒಂದ್ಸಲ ಒಳಗೆ ಕೂತರೆ ಮನೆ ಬಿಡಿಸೋದು ಕಷ್ಟ" ಅಂದ.

ಇದಕ್ಕೆ ಉದಾಹರಣೆ ಬೇಕೇ? 1967ರ 'ದಿ ಗ್ರಾಜುಯೇಟ್' ತಗೊಳ್ಳಿ. ನಿರ್ದೇಶಕ ಮೈಕ್ ನಿಕೋಲ್ಸ್ ಆಗ ಸೈಮನ್ ಮತ್ತು ಗಾರ್ಫಂಕಲ್ ಜೋಡಿಯ ಹಾಡುಗಳನ್ನು ಬಿಡದೆ ಕೇಳುತ್ತಿದ್ದರು. ಸಂಕಲನಕ್ಕೆ ಸದ್ಯಕ್ಕಿರಲಿ ಅಂತ ಅವನ್ನೇ ಹಾಕಿದರು. ಕೊನೆಗೆ ಬೇರೆ ಯಾವುದೂ ಒಗ್ಗಲೇ ಇಲ್ಲ. ಹಳೆಯ ಹಾಡುಗಳೇ ಉಳಿದವು. ಜೊತೆಗೆ ಪಾಲ್ ಸೈಮನ್ 'ಮಿಸೆಸ್ ರೂಸ್‌ವೆಲ್ಟ್' ಅಂತ ಬರೆಯುತ್ತಿದ್ದ ಒಂದು ಹಾಡು, ಚಿತ್ರಕ್ಕಾಗಿ 'ಮಿಸೆಸ್ ರಾಬಿನ್ಸನ್' ಆಗಿ ಲೋಕವನ್ನೇ ಗೆದ್ದಿತು.

1973ರ 'ಅಮೆರಿಕನ್ ಗ್ರಾಫಿಟಿ' ಇನ್ನೂ ಸ್ವಾರಸ್ಯ. ಮುಂದೆ 'ಸ್ಟಾರ್ ವಾರ್ಸ್' ಮಾಡಿದ ಜಾರ್ಜ್ ಲ್ಯೂಕಸ್ ಅವರ ಚಿತ್ರ. 1962ರ ಒಂದೇ ರಾತ್ರಿಯ ಕಥೆ. ಹುಡುಗರು ಕಾರಿನಲ್ಲಿ ಊರು ಸುತ್ತುತ್ತಾರೆ, ಕಾರಿನ ರೇಡಿಯೋ ಹಾಡುತ್ತಲೇ ಇರುತ್ತದೆ. ಲ್ಯೂಕಸ್ ಒಂದೊಂದು ದೃಶ್ಯವನ್ನೂ ಒಂದೊಂದು ಹಾಡು ಮನಸ್ಸಿನಲ್ಲಿಟ್ಟುಕೊಂಡು ಬರೆದರು. 40ಕ್ಕೂ ಹೆಚ್ಚು ಹಾಡು! ಹಾಡಿನ ಹಕ್ಕಿಗೇ ಹಣ ಖರ್ಚಾಗಿ, ಹಿನ್ನೆಲೆ ಸಂಗೀತ ಮಾಡಿಸಲು ಕಾಸೇ ಉಳಿಯಲಿಲ್ಲ. ಆ ಕಾಲದ ಹುಡುಗರ ದೇವರು ಎಲ್ವಿಸ್ ಪ್ರೀಸ್ಲಿ, ಆದರೆ ಚಿತ್ರದಲ್ಲಿ ಎಲ್ವಿಸ್ ಹಾಡೇ ಇಲ್ಲ. ಯಾಕೆ? ಎಲ್ಲರಿಗೂ ಒಂದೇ ದರ ಅಂತ ನಿರ್ಮಾಪಕರು ಹೇಳಿದ್ದಕ್ಕೆ ಎಲ್ವಿಸ್‌ನ ತಟ್ಟೆ ಕಂಪನಿ ಒಪ್ಪಲಿಲ್ಲ.

ಆಂಬುಲೆನ್ಸಿನಲ್ಲಿ ಬಂದ ಸಂಗೀತಗಾರ

ಹೆಕ್ಕುವ ಕೈಗೆ ಎಷ್ಟು ಬಲವಿದೆ, ಅದರಿಂದ ಎಂಥ ಪೆಟ್ಟು ಬೀಳಬಹುದು ಅನ್ನುವುದಕ್ಕೆ ಒಂದು ಕಥೆ ಹೇಳಲೇಬೇಕು.

1968ರ '2001: ಎ ಸ್ಪೇಸ್ ಒಡಿಸ್ಸಿ'. ಬಾಹ್ಯಾಕಾಶದಲ್ಲಿ ನೌಕೆ ನಿಧಾನವಾಗಿ ತಿರುಗುತ್ತದೆ, ಹಿಂದೆ 'ಬ್ಲೂ ಡ್ಯಾನ್ಯೂಬ್' ಅನ್ನುವ, ಆಗಲೇ ನೂರು ವರ್ಷ ಹಳೆಯದಾಗಿದ್ದ ಸಂಗೀತ. ನೋಡಿದವರು ಮರೆಯುವುದುಂಟೇ? ಆದರೆ ಆ ಚಿತ್ರಕ್ಕೆಂದೇ ಅಲೆಕ್ಸ್ ನಾರ್ತ್ ಎಂಬ ದೊಡ್ಡ ಸಂಗೀತಗಾರರು ಹೊಸ ಸಂಗೀತ ಕಟ್ಟಿದ್ದರು. ಹಗಲೂ ರಾತ್ರಿ ಬರೆದು ಮೈ ಹದಗೆಟ್ಟು, ಲಂಡನ್ನಿನ ಧ್ವನಿಮುದ್ರಣಕ್ಕೆ ಆಂಬುಲೆನ್ಸಿನಲ್ಲಿ ಬಂದರು! ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಮಾತ್ರ ಸಂಕಲನದಲ್ಲಿ ಹಾಕಿಕೊಂಡಿದ್ದ ಹಳೆಯ ತಟ್ಟೆಗಳನ್ನೇ ಉಳಿಸಿಕೊಂಡರು. ಅದನ್ನು ನಾರ್ತ್‌ಗೆ ಹೇಳಲೂ ಇಲ್ಲ. ನ್ಯೂಯಾರ್ಕಿನಲ್ಲಿ ಚಿತ್ರ ನೋಡಲು ಕೂತಾಗಲೇ ಅವರಿಗೆ ಗೊತ್ತಾದದ್ದು, ತನ್ನ ಸಂಗೀತ ಒಂದು ಸ್ವರವೂ ಇಲ್ಲ ಅಂತ. ಆ ಸಂಗೀತ ತಟ್ಟೆಯಾಗಿ ಜನರ ಕಿವಿಗೆ ಬಿದ್ದದ್ದು 1993ರಲ್ಲಿ. ನಾರ್ತ್ ಆಗ ಬದುಕಿರಲಿಲ್ಲ.

ಕುಬ್ರಿಕ್ ಆಯ್ಕೆ ತಪ್ಪೇ? ಪರದೆ ನೋಡಿದರೆ ಅಲ್ಲವೇ ಅಲ್ಲ. ನಡೆದುಕೊಂಡ ರೀತಿ? ಅದು ಸರಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಒಳ್ಳೆಯ ಕಿವಿ ಇದ್ದರೆ ಸಾಲದು, ಕಿವಿಯ ಹಿಂದೆ ಒಂದು ಮನಸ್ಸೂ ಇರಬೇಕು.

ಒಂದು ಹಾಡಿಗೆ ಎರಡು ಬೀಗ

ಮಧ್ಯಾಹ್ನ ಊಟಕ್ಕೆ ಕೂತೆವು. ಪಕ್ಕದ ಮೇಜಿನಲ್ಲಿ ಯಾವುದೋ ಮಗುವಿನ ಹುಟ್ಟುಹಬ್ಬ. ಹೋಟೆಲಿನ ಹುಡುಗರು ಚಪ್ಪಾಳೆ ತಟ್ಟಿ 'ಹ್ಯಾಪಿ ಬರ್ತ್‌ಡೇ' ಹಾಡಿದರು.

"ಈ ಹಾಡನ್ನು ಸಿನಿಮಾದಲ್ಲಿ ಹಾಕಬೇಕಾದರೆ ದುಡ್ಡು ಕಟ್ಟಬೇಕಿತ್ತು, ಗೊತ್ತಾ?" ಅಂದ ಪುಟ್ಟ.

ತಮಾಷೆ ಅಂದುಕೊಂಡೆ. ಅಲ್ಲ! ಒಂದು ದೊಡ್ಡ ಕಂಪನಿ ಆ ಹಾಡು ತನ್ನದೆಂದು ವರ್ಷಾನುಗಟ್ಟಲೆ ಶುಲ್ಕ ವಸೂಲಿ ಮಾಡುತ್ತಿತ್ತು. 2015ರಲ್ಲಿ ಇದೇ ಲಾಸ್ ಏಂಜಲೀಸ್‌ನ ನ್ಯಾಯಾಧೀಶರು ಆ ಹಾಡಿನ ಮಾತಿನ ಮೇಲೆ ಕಂಪನಿಗೆ ಹಕ್ಕಿಲ್ಲ ಅಂದರು. ಮರುವರ್ಷ 1 ಕೋಟಿ 40 ಲಕ್ಷ ಡಾಲರ್‌ಗೆ ರಾಜಿಯಾಯಿತು.

ಹಾಡು ಹೆಕ್ಕುವವರ ಕೆಲಸದ ಇನ್ನರ್ಧ ಇದೇ ಮಿತ್ರರೇ: ಅಪ್ಪಣೆ ಕೇಳುವುದು. ಒಂದು ಹಾಡಿಗೆ ಒಂದಲ್ಲ, ಎರಡು ಬೀಗ. ಸಾಹಿತ್ಯ ಮತ್ತು ರಾಗ ಕಟ್ಟಿದವರ ಹಕ್ಕು ಒಂದು. ಹಾಡಿಸಿ ಮುದ್ರಿಸಿದ ತಟ್ಟೆಯ ಹಕ್ಕು ಇನ್ನೊಂದು. ಅದಕ್ಕೆ 'ಮಾಸ್ಟರ್' ಅನ್ನುತ್ತಾರೆ. ಹೊಲ ಒಬ್ಬರದು, ಬೆಳೆ ಇನ್ನೊಬ್ಬರದು ಇದ್ದ ಹಾಗೆ. ಇಬ್ಬರೂ ಒಪ್ಪಬೇಕು. ಹಾಡನ್ನು ನಾಲ್ವರು ಸೇರಿ ಬರೆದಿದ್ದರೆ ನಾಲ್ವರ ಕಡೆಯಿಂದಲೂ ಸಹಿ ಬೇಕು. ಒಬ್ಬ ತಲೆ ಅಡ್ಡ ಆಡಿಸಿದರೆ ಮುಗಿಯಿತು, ಬೇರೆ ಹಾಡು ಹುಡುಕಿ! ದರದ ವಿಷಯದಲ್ಲೂ ಒಂದು ನಿಯಮ ಹಾಕಿಕೊಳ್ಳುವುದುಂಟು. ಪಂಕ್ತಿಯಲ್ಲಿ ಕೂತವರಿಗೆಲ್ಲ ಒಂದೇ ಸಮ ಬಡಿಸಬೇಕು. ಒಬ್ಬರಿಗೆ ಹೋಳಿಗೆ ಹೆಚ್ಚಿಗೆ ಹಾಕಿದರೆ ಪಕ್ಕದವರಿಗೂ ಹಾಕಬೇಕು!

ಕೊನೆಗೆ ಒಂದು ಪಟ್ಟಿ. ಯಾವ ಹಾಡು, ಎಷ್ಟು ಸೆಕೆಂಡು, ಬರೆದವರು ಯಾರು, ಹಕ್ಕು ಯಾರದು. ಚಿತ್ರ ಟಿ.ವಿ.ಯಲ್ಲಿ ಬಂದಾಗ ಹಾಡು ಕಟ್ಟಿದವರಿಗೆ ಸಲ್ಲುವ ಕಾಸು ಈ ಪಟ್ಟಿ ನೋಡಿಯೇ ಸಲ್ಲುತ್ತದೆ. ಪುಟ್ಟನ ದಿನದ ಬಹುಪಾಲು ಇಂಥ ಪಟ್ಟಿಗಳಲ್ಲೇ ಕಳೆಯುತ್ತದೆ.

"ಬೇಜಾರಾಗಲ್ವೇನೋ?"

"ಪಟ್ಟಿಯಲ್ಲಿ ಒಂದು ಹೆಸರು ತಪ್ಪಿದರೆ ಎಲ್ಲೋ ಒಬ್ಬ ಮುದುಕನ ಮನೆಗೆ ಹೋಗಬೇಕಾದ ಚೆಕ್ಕು ಹೋಗಲ್ಲ ಮಾವ. ಅದು ನೆನಪಾದರೆ ಬೇಜಾರು ಆಗಲ್ಲ."

ಹುಡುಗ ದೊಡ್ಡವನಾಗಿದ್ದಾನೆ ಅಂತ ಆಗ ಅನ್ನಿಸಿತು.

ಹಾಡಿಗೆ ಮರುಹುಟ್ಟು

ಈ ಕೆಲಸಕ್ಕೆ ಇಲ್ಲಿ ಸಂಘವಿದೆ, 2010ರಲ್ಲಿ ಹುಟ್ಟಿದ್ದು. ಟಿ.ವಿ.ಯ ಎಮ್ಮಿ ಪ್ರಶಸ್ತಿಯಲ್ಲಿ 2017ರಿಂದ ಇವರಿಗೂ ಒಂದು ಪಾಲು ಸಿಕ್ಕಿದೆ. ಆಸ್ಕರ್ ಬಾಗಿಲು ಮಾತ್ರ ಇನ್ನೂ ತೆರೆದಿಲ್ಲ.

ಪ್ರಶಸ್ತಿ ಇರಲಿ ಬಿಡಲಿ, ಇವರು ಮನಸ್ಸು ಮಾಡಿದರೆ ಮಲಗಿದ ಹಾಡು ಎದ್ದು ಕೂರುತ್ತದೆ. 2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಸರಣಿಗೆ ನೋರಾ ಫೆಲ್ಡರ್ ಎಂಬಾಕೆ ಹಾಡು ಹೆಕ್ಕಿದರು. ಕೇಟ್ ಬುಷ್ ಅವರ 1985ರ ಒಂದು ಹಾಡು. ಅದು ಹುಟ್ಟಿದಾಗ ಇಂಗ್ಲೆಂಡಿನಲ್ಲಿ ಮೂರನೇ ಸ್ಥಾನಕ್ಕೆ ನಿಂತಿತ್ತು. 37 ವರ್ಷ ಕಳೆದ ಮೇಲೆ ಒಂದನೇ ಸ್ಥಾನಕ್ಕೆ ಏರಿತು! ಅದು ಬಂದಾಗ ಹುಟ್ಟೇ ಇರದಿದ್ದ ಹುಡುಗರು ಅದನ್ನು ಬಾಯಿಪಾಠ ಮಾಡಿದರು.

ನಮ್ಮ ದೇಶದ ಹಾಡುಗಳೂ ಹೀಗೆ ಹಾಲಿವುಡ್ ಗಾಡಿ ಹತ್ತಿವೆ. 'ಗುಮ್‌ನಾಮ್' (1965) ಚಿತ್ರದ ರಫಿ ಸಾಹೇಬರ ಹಾಡಿನ ಕುಣಿತದಿಂದಲೇ 2001ರ 'ಘೋಸ್ಟ್ ವರ್ಲ್ಡ್' ಆರಂಭ. 2006ರ 'ಇನ್‌ಸೈಡ್ ಮ್ಯಾನ್'ಗೆ ರೆಹಮಾನ್ ಅವರ 'ಛೈಯ್ಯಾ ಛೈಯ್ಯಾ'. 2007ರ 'ದಿ ಡಾರ್ಜಿಲಿಂಗ್ ಲಿಮಿಟೆಡ್'ನಲ್ಲಿ ಸತ್ಯಜಿತ್ ರಾಯ್ ತಮ್ಮ ಚಿತ್ರಗಳಿಗೆ ಕಟ್ಟಿದ ಸಂಗೀತ. ಅದಕ್ಕೆ ದುಡಿದ ಹೆಕ್ಕುವವರು ರಾಂಡಲ್ ಪೋಸ್ಟರ್.

ನಮ್ಮ ಕನ್ನಡದಲ್ಲಿ ಈ ಕೆಲಸ ಇರಲಿಲ್ಲವೇ? ಹೆಸರು ಇರಲಿಲ್ಲ, ಕೆಲಸ ಇತ್ತು! ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' (1967) ನೆನೆಸಿಕೊಳ್ಳಿ. ಬೇಂದ್ರೆಯವರು ಎಂದೋ ಬರೆದ ಬೆಳಗಿನ ಕವಿತೆಯನ್ನು ಹೆಕ್ಕಿ ತಂದು, ವಿಜಯಭಾಸ್ಕರ್ ಸಂಗೀತದಲ್ಲಿ ಬೆಳ್ಳಿತೆರೆಗೆ ಏರಿಸಿದರು. 'ಸನಾದಿ ಅಪ್ಪಣ್ಣ' (1977) ಬಂದಾಗ ಅಣ್ಣಾವ್ರ ಶಹನಾಯಿಗೆ ಉಸಿರು ಕೊಡಲು ಸಾಕ್ಷಾತ್ ಬಿಸ್ಮಿಲ್ಲಾ ಖಾನ್ ಅವರನ್ನೇ ಕರೆತಂದರು. ಇದು ಆಯ್ಕೆ! ಸಂಗೀತ ನಿರ್ದೇಶಕ, ನಿರ್ದೇಶಕ, ನಿರ್ಮಾಪಕ ಎಲ್ಲರೂ ಒಂದು ಚಾಪೆಯ ಮೇಲೆ ಕೂತು ಮಾಡುತ್ತಿದ್ದ ಆಯ್ಕೆ.

ಆದರೆ ಅಪ್ಪಣೆ ಕೇಳುವ ಅರ್ಧ? ಅಲ್ಲಿ ನಾವು ಹಿಂದೆ. 2024ರಲ್ಲಿ 'ಬ್ಯಾಚುಲರ್ ಪಾರ್ಟಿ' ಚಿತ್ರದಲ್ಲಿ ಎರಡು ಹಳೆಯ ಕನ್ನಡ ಹಾಡು ಬಳಸಿದ ವಿಷಯ ದೆಹಲಿ ಹೈಕೋರ್ಟಿನವರೆಗೂ ಹೋದದ್ದು ಪತ್ರಿಕೆಯಲ್ಲಿ ಓದಿರುತ್ತೀರಿ. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಧನದ ಪಾಲು ಸಿಗಲೇಬೇಕು ಅಂತ ನಮ್ಮ ಕಾಯಿದೆಗೆ ತಿದ್ದುಪಡಿ ಬಂದದ್ದೇ 2012ರಲ್ಲಿ. ಅದಕ್ಕೆ ಮುಂಚೆ ಎಷ್ಟು ಜನ ಕವಿಗಳು ಒಂದೇ ಸಲದ ಕವರು ಇಸಕೊಂಡು ಮನೆಗೆ ನಡೆದರೋ, ಲೆಕ್ಕ ಇಟ್ಟವರು ಯಾರು?

ಅಕ್ಕನ ಹಾಡು

ಸಂಜೆ ಪುಟ್ಟನ ಕೋಣೆಗೆ ಹೋದೆವು. ಲ್ಯಾಪ್‌ಟಾಪ್ ತೆರೆದು ತಾನೇ ಮಾಡಿದ ಹನ್ನೆರಡು ನಿಮಿಷದ ಚಿತ್ರ ತೋರಿಸಿದ. ಹಿಂದಿನ ರಜೆಯಲ್ಲಿ ಊರಿಗೆ ಬಂದಾಗ ಅರಸೀಕೆರೆಯ ಮನೆಯಲ್ಲೇ ತೆಗೆದದ್ದು. ಅಡಿಗೆಮನೆಯಲ್ಲಿ ನನ್ನ ಅಕ್ಕ ಅಕ್ಕಿರೊಟ್ಟಿ ತಟ್ಟುತ್ತಿದ್ದಾಳೆ. ಗೂಡಿನಲ್ಲಿ ಹಳೆಯ ರೇಡಿಯೋ. ಅದರಲ್ಲಿ 1970ರ ದಶಕದ ಒಂದು ಕನ್ನಡ ಹಾಡು. ಯಾವ ಹಾಡು ಅಂತ ಹೇಳುವುದಿಲ್ಲ. ಹೇಳಿದರೆ ನೀವು ಓದುವುದು ಬಿಟ್ಟು ಹಾಡಲು ಶುರು ಮಾಡುತ್ತೀರಿ! ಅಕ್ಕ ಹುಡುಗಿಯಾಗಿದ್ದಾಗ ಕೊಡ ಹೊತ್ತು ಬರುತ್ತಾ ಹಾಡುತ್ತಿದ್ದ ಹಾಡು. ಪುಟ್ಟನನ್ನು ತೊಟ್ಟಿಲಲ್ಲಿ ತೂಗಿದ್ದೂ ಅದೇ ಹಾಡಿನಲ್ಲಿ.

ಹಾಡು ಮುಗಿಯುವ ಹೊತ್ತಿಗೆ ನನ್ನ ಕಣ್ಣು ಮಂಜಾಗಿತ್ತು. "ಭೇಷ್ ಕಣೋ!" ಅಂದೆ.

"ಇದನ್ನ ಯಾರಿಗೂ ತೋರಿಸೋ ಹಾಗಿಲ್ಲ ಮಾವ."

ಅಪ್ಪಣೆ ಸಿಕ್ಕಿರಲಿಲ್ಲ. ತಟ್ಟೆಯ ಹಕ್ಕಿದ್ದ ಕಂಪನಿಗೆ ಮೂರು ಸಲ ಬರೆದಿದ್ದ. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಬಂದ ಉತ್ತರದಲ್ಲಿ ಒಂದು ಮೊತ್ತ ಇತ್ತು. ಆ ಮೊತ್ತದಲ್ಲಿ ಇಂಥ ಮೂರು ಚಿತ್ರ ತೆಗೆಯಬಹುದು! ಊರವರ ಹಾಡಿಗೆಲ್ಲ ಅಪ್ಪಣೆ ತಂದುಕೊಡುವ ಹುಡುಗ, ತಾಯಿಯ ಹಾಡಿಗೆ ಅಪ್ಪಣೆ ತರಲಾರದೆ ಕೂತಿದ್ದ.

"ರೇಡಿಯೋ ತೆಗೆದುಹಾಕು. ನಿಮ್ಮಮ್ಮನೇ ಹಾಡಲಿ" ಅಂದೆ ನಾನು, ದೊಡ್ಡ ಬುದ್ಧಿವಂತನ ಹಾಗೆ.

"ಒಂದು ಬೀಗ ತೆಗೀತು, ಇನ್ನೊಂದು ಹಾಗೇ ಇದೆ. ಅಮ್ಮ ಹಾಡಿದರೂ ಸಾಹಿತ್ಯ, ರಾಗ ಅವರದೇ ಅಲ್ವಾ?"

"ಒಂದು ಸಣ್ಣ ಚಿತ್ರ. ಯಾರಿಗೆ ಗೊತ್ತಾಗುತ್ತೋ? ಸುಮ್ಮನೆ ಹಾಕಿಬಿಡು!"

ಪುಟ್ಟ ನನ್ನನ್ನು ನೋಡಿದ. ಕೋಪ ಇರಲಿಲ್ಲ. "ಮಾವ, ದಿನಾ ಬೇರೆಯವರಿಗೆ ಹಾಗೆ ಮಾಡಬೇಡಿ ಅಂತ ಹೇಳಿ ಸಂಬಳ ತಗೊಳ್ಳೋನು ನಾನು" ಅಂದ.

ನನಗೆ ನಾಚಿಕೆಯಾಯಿತು. ಹೊರಗೆ ಬಂದು ನಿಂತೆ. ಆಗ ಹೊಳೆಯಿತು ನೋಡಿ, ನಮ್ಮಜ್ಜಿಯ ರಾಗಿ ಬೀಸೋ ಪದ! ಅಜ್ಜಿ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದದ್ದು, ಅಕ್ಕ ಅವಳ ತೊಡೆಯ ಪಕ್ಕ ಕೂತು ಕಲಿತದ್ದು. ಅಜ್ಜಿಗೆ ಅವಳ ಅಜ್ಜಿ ಕಲಿಸಿದ್ದು. ಅದನ್ನು ಕಟ್ಟಿದವರು ಯಾರು ಅಂತ ಕೇಳಿದರೆ ಕಲ್ಲೇ ಉತ್ತರ ಹೇಳಬೇಕು. ಅದಕ್ಕೆ ಬೀಗವಿಲ್ಲ.

ಅರಸೀಕೆರೆಯಲ್ಲಿ ಆಗ ಬೆಳಗ್ಗೆ. ಫೋನ್ ಮಾಡಿದೆವು. "ಅಯ್ಯೋ, ಒಲೆ ಮೇಲೆ ಹಾಲಿದೆ ಕಣ್ರೋ, ಈಗ ಎಂಥ ಹಾಡು!" ಅಂತ ಅಕ್ಕ ಗದರಿದಳು. ಹಾಲು ಇಳಿಸಿ ಬಂದಳು. ಗಂಟಲು ಸರಿಮಾಡಿಕೊಂಡಳು. ಹಾಡಿದಳು. ಎರಡನೇ ನುಡಿಯಲ್ಲಿ ಮಾತು ಮರೆತು, ನಕ್ಕು, ಮತ್ತೆ ಹಿಡಿದಳು. ಪುಟ್ಟ ಆ ನಗುವನ್ನೂ ಕತ್ತರಿಸಲಿಲ್ಲ.

ರೊಟ್ಟಿ ತಟ್ಟುವ ದೃಶ್ಯಕ್ಕೆ ಅದನ್ನು ಜೋಡಿಸಿ ನೋಡಿದೆವು. ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು. ಆದರೆ ಸುಳ್ಳು ಯಾಕೆ ಹೇಳಲಿ, ಆ ರೇಡಿಯೋ ಹಾಡು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಅದೂ ಅಕ್ಕನದೇ ಹಾಡು. ಅದನ್ನು ಕಟ್ಟಿದವರಿಗೆ ನ್ಯಾಯವಾದದ್ದು ಸಲ್ಲಬೇಕು. ಹುಡುಗರ ಕೈಗೆ ಎಟುಕುವ ದರವೂ ಇರಬೇಕು. ಕೇಳಿದ ಪತ್ರಕ್ಕೆ ಉತ್ತರವಾದರೂ ಬರಬೇಕು. ಇಷ್ಟು ಆದರೆ ನಮ್ಮ ಹಳೆಯ ಹಾಡುಗಳು ಇನ್ನೆಷ್ಟು ಚಿತ್ರಗಳಲ್ಲಿ ಮರುಹುಟ್ಟು ಪಡೆಯಬಹುದೋ!

ರಾತ್ರಿ ರೈಲಿಗೆ ಹೋಗುವಾಗ ವೈನ್ ಸ್ಟ್ರೀಟಿನಲ್ಲಿ ಪುಟ್ಟ ಕೈ ತೋರಿಸಿದ. ಕ್ಯಾಪಿಟಲ್ ರೆಕಾರ್ಡ್ಸ್ ಕಟ್ಟಡ. 1956ರದ್ದು, 13 ಅಂತಸ್ತು, ಗ್ರಾಮಫೋನ್ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ದುಂಡಗೆ. ತುದಿಯಲ್ಲಿ ಒಂದು ಕೆಂಪು ದೀಪ ಮಿಣುಕುತ್ತದೆ. ಸುಮ್ಮನೆ ಮಿಣುಕುವುದಲ್ಲ, ಹಳೆಯ ತಂತಿ ಕಚೇರಿಯ ಮೋರ್ಸ್ ಭಾಷೆಯಲ್ಲಿ 'ಹಾಲಿವುಡ್' ಅಂತ ಹೇಳುತ್ತಿರುತ್ತದೆ. ಗೊತ್ತಿಲ್ಲದವರಿಗೆ ಅದು ಬರೀ ದೀಪ.

ಮುಂದಿನ ಸಲ ಸಿನಿಮಾ ಮುಗಿದು ಹೆಸರುಗಳು ಓಡುವಾಗ ಒಂದು ನಿಮಿಷ ಕೂತಿರಿ ಮಿತ್ರರೇ. ಸ್ಕೂಟರ್ ಎಲ್ಲೂ ಹೋಗುವುದಿಲ್ಲ.